ಆರ್ಬಿಟಲ್ ಟ್ಯೂಬ್ ವೆಲ್ಡಿಂಗ್‌ನಲ್ಲಿ ಪಲ್ಸ್ ಪ್ರೋಗ್ರಾಮಿಂಗ್: ಚರಿತ್ರೆ

ಎರಡು ಟ್ಯೂಬುಗಳ ತುದಿ ತಾಗಿಸಿ, ಅಲುಗದಂತೆ ಹಿಡಿದು, ಅವುಗಳ ಸುತ್ತ ಟಂಗ್‌ಸ್ಟನ್ ಎಲೆಕ್ಟ್ರೋಡನ್ನು ಯಂತ್ರವೇ ತಿರುಗಿಸಿ ಬೆಸೆಯುವುದು ಆರ್ಬಿಟಲ್ ವೆಲ್ಡಿಂಗ್. ಆ ಒಂದು ಸುತ್ತಿನಲ್ಲಿ ಕರೆಂಟು ಎಷ್ಟು ಏರಬೇಕು, ಎಷ್ಟು ಇಳಿಯಬೇಕು, ಎಷ್ಟು ಬಾರಿ ಮಿಡಿಯಬೇಕು ಎಂಬುದನ್ನು ಮೊದಲೇ ಅಂಕಿಗಳಲ್ಲಿ ಗೊತ್ತುಮಾಡುವುದು ಪಲ್ಸ್ ಪ್ರೋಗ್ರಾಮಿಂಗ್.

ಇದರ ತಾಯಿಬೇರು ಟಿಗ್ ವೆಲ್ಡಿಂಗ್. ಅಮೆರಿಕದ ನಾರ್ತ್‌ರಾಪ್ ವಿಮಾನ ಕಂಪನಿಯ ರಸೆಲ್ ಮೆರೆಡಿತ್ ಮೆಗ್ನೀಸಿಯಂ ಬೆಸೆಯಲೆಂದು ಹೀಲಿಯಂ ಅನಿಲದ ರಕ್ಷಣೆಯಲ್ಲಿ ಟಂಗ್‌ಸ್ಟನ್ ಆರ್ಕ್ ಬಳಸುವ ವಿಧಾನವನ್ನು 1940ರ ದಶಕದ ಆರಂಭದಲ್ಲಿ ರೂಪಿಸಿದರು. 1942ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ಆದರೆ ಬೆಸುಗೆಯ ಗುಣ ಆಗಲೂ ವೆಲ್ಡರನ ಕೈಹದದಲ್ಲೇ ಇತ್ತು. 1960ರ ಸುಮಾರಿಗೆ ಎಕ್ಸ್-15 ರಾಕೆಟ್ ವಿಮಾನದ ಹೈಡ್ರಾಲಿಕ್ ಕೊಳವೆಗಳ ಸೋರಿಕೆ ನಾರ್ತ್ ಅಮೆರಿಕನ್ ಏವಿಯೇಷನ್‌ನ ಎಂಜಿನಿಯರುಗಳನ್ನು ಕಾಡಿತು. ಅಲ್ಲಿನ ರಾಡ್ ರೋರ್‌ಬರ್ಗ್ ಕಂಡುಕೊಂಡ ಪರಿಹಾರವೇ ಟ್ಯೂಬಿನ ಸುತ್ತ ತಿರುಗುವ ಆರ್ಕ್.

ಕೈಯಲ್ಲಿ ಬೆಸೆಯುವವನು ಕರಗಿದ ಲೋಹವನ್ನು ಕಣ್ಣಾರೆ ನೋಡುತ್ತ, ಅದು ಜೋಲುತ್ತಿದೆ ಎನಿಸಿದೊಡನೆ ಟಾರ್ಚಿನ ಕೋನ ಬದಲಿಸುತ್ತಾನೆ. ಯಂತ್ರಕ್ಕೆ ಆ ಕಣ್ಣಿಲ್ಲ. ಒಂದು ಪಕ್ಕದಲ್ಲಿ ಆರ್ಕ್ ಇಳಿಯುತ್ತದೆ, ಇನ್ನೊಂದರಲ್ಲಿ ಏರುತ್ತದೆ, ಅಡಿಭಾಗದಲ್ಲಿ ಕರಗಿದ ಲೋಹ ತೂಗಾಡುತ್ತದೆ. ಮೇಲಾಗಿ, ಸುತ್ತು ಮುಗಿಯುವಷ್ಟರಲ್ಲಿ ಟ್ಯೂಬು ಕಾದಿರುತ್ತದೆ: ಮೊದಲಲ್ಲಿ ಸರಿಯಾಗಿದ್ದ ಕರೆಂಟೇ ಕೊನೆಯಲ್ಲಿ ಲೋಹವನ್ನು ತೂತುಮಾಡಬಲ್ಲದು. ಪಲ್ಸ್ ಬಂದದ್ದು ಈ ಇಕ್ಕಟ್ಟಿಗೆ ಉತ್ತರವಾಗಿ: ಕರೆಂಟು ಎರಡು ಮಟ್ಟಗಳ ನಡುವೆ ಮಿಡಿಯುತ್ತದೆ. ಮೇಲಿನ ಮಟ್ಟದ ಕರೆಂಟು ಲೋಹವನ್ನು ಒಳಗೋಡೆಯವರೆಗೆ ಕರಗಿಸುತ್ತದೆ. ಕೆಳಮಟ್ಟದ್ದು ಆರ್ಕ್ ಆರದಂತೆ ಕಾಯುತ್ತ ಲೋಹಕ್ಕೆ ಹೆಪ್ಪುಗಟ್ಟಲು ಬಿಡುವು ಕೊಡುತ್ತದೆ. ಹೀಗೆ ಒಂದರ ಮೇಲೊಂದು ಅರೆಬರೆ ಹೊದ್ದ ಬೊಟ್ಟುಗಳ ಸಾಲೇ ಬೆಸುಗೆಯಾಗುತ್ತದೆ.

ಅನುಭವದಿಂದ ಒಂದು ಸರಳ ಲೆಕ್ಕ ಬೆಳೆಯಿತು. ಸ್ಟೇನ್‌ಲೆಸ್ ಸ್ಟೀಲಿನ ಗೋಡೆಯ ದಪ್ಪದಲ್ಲಿ ಅಂಗುಲದ ಪ್ರತಿ ಸಾವಿರದ ಒಂದು ಪಾಲಿಗೆ ಸುಮಾರು 1 ಆಂಪಿಯರ್. 1.65 ಮಿ.ಮೀ. ಗೋಡೆಗೆ ಆರಂಭದ ಮೇಲ್ಮಟ್ಟ 65 ಆಂಪಿಯರ್ ಆಸುಪಾಸು. ಕೆಳಮಟ್ಟ ಅದರ ಮೂರರಲ್ಲೊಂದು ಅಥವಾ ನಾಲ್ಕರಲ್ಲೊಂದು ಪಾಲು. ಸುತ್ತನ್ನು ಸಾಮಾನ್ಯವಾಗಿ ನಾಲ್ಕು ಹಂತಗಳಾಗಿ ಹಂಚಿ, ಶಾಖ ಕೂಡಿಕೊಂಡಂತೆ ಹಂತಹಂತಕ್ಕೂ ಕರೆಂಟು ಇಳಿಸುತ್ತಾರೆ. ಆರಂಭದ ಜಾಗವನ್ನು ತುಸು ದಾಟಿದ ಮೇಲೆ ಕರೆಂಟನ್ನು ನಿಧಾನವಾಗಿ ಸೊನ್ನೆಗೆ ತರಬೇಕು. ಥಟ್ಟನೆ ನಿಲ್ಲಿಸಿದರೆ ಕೊನೆಯಲ್ಲಿ ಕುಳಿ ಬೀಳುತ್ತದೆ, ಬಿರುಕೂ ಬಿಡಬಹುದು.

ಮೊದಮೊದಲು ಈ ಅಂಕಿಗಳನ್ನು ಗುಂಡಿ ತಿರುಗಿಸಿ ಹೊಂದಿಸಬೇಕಿತ್ತು. ಮೈಕ್ರೋಪ್ರೊಸೆಸರ್ ಬಂದ ಮೇಲೆ ಒಮ್ಮೆ ಕಂಡುಕೊಂಡ ಹದವನ್ನು ಯಂತ್ರದ ನೆನಪಿನಲ್ಲಿಟ್ಟು ಮತ್ತೆ ಮತ್ತೆ ಬಳಸುವುದು ಸಾಧ್ಯವಾಯಿತು. ಮುಂದೆ ವ್ಯಾಸ, ದಪ್ಪ, ಲೋಹದ ಹೆಸರು ಕೊಟ್ಟರೆ ಪ್ರೋಗ್ರಾಮನ್ನು ತಾನೇ ರಚಿಸುವ ಯಂತ್ರಗಳೂ ಬಂದವು. ಔಷಧ ತಯಾರಿಕೆ ಮತ್ತು ಸೆಮಿಕಂಡಕ್ಟರ್ ಉದ್ಯಮಗಳು ಇವನ್ನು ಆತುಕೊಂಡದ್ದು ಸಹಜವೇ. ಅಲ್ಲಿ ಟ್ಯೂಬಿನ ಒಳಗಿನ ಒಂದು ಸಣ್ಣ ಸಂದು ಕೂಡ ಸೂಕ್ಷ್ಮಜೀವಿಗಳಿಗೆ ಅಥವಾ ಕಶ್ಮಲಕ್ಕೆ ಮನೆಯಾಗುತ್ತದೆ.

ಅಂಕಿಗಳು ಮಾತ್ರ ಸಾಲವು ಎಂದು ತೋರಿಸಿಕೊಟ್ಟದ್ದು ಸ್ಟೀಲಿನಲ್ಲಿ ತುಸುವೇ ಇರುವ ಗಂಧಕ. ಒಂದೇ 316ಎಲ್ ದರ್ಜೆಯ ಸ್ಟೇನ್‌ಲೆಸ್ ಸ್ಟೀಲು, ಒಂದೇ ಪ್ರೋಗ್ರಾಮು. ಒಂದು ಎರಕದ ಟ್ಯೂಬು ಪೂರ್ತಿ ಬೆಸೆದುಕೊಂಡರೆ ಇನ್ನೊಂದರಲ್ಲಿ ಬೆಸುಗೆ ಅಗಲವಾಗಿ ಹರಡಿ ಒಳಗೋಡೆ ಮುಟ್ಟುವುದೇ ಇಲ್ಲ. ಕರಗಿದ ಲೋಹದ ಮೇಲ್ಮೈ ಎಳೆತ ಗಂಧಕದಿಂದ ಬದಲಾಗಿ, ಹರಿವಿನ ದಿಕ್ಕೇ ತಿರುಗುತ್ತದೆ ಎಂಬುದನ್ನು ಸಂಶೋಧಕರಾದ ಹೈಪಲ್ ಮತ್ತು ರೋಪರ್ 1980ರ ದಶಕದಲ್ಲಿ ವಿವರಿಸಿದರು. ಗಂಧಕ ತೀರ ಕಡಿಮೆಯಿದ್ದರೆ ಬೆಸುಗೆ ಆಳಕ್ಕಿಳಿಯದು. ಅದಕ್ಕೇ ಔಷಧ ತಯಾರಿಕೆಯ ಟ್ಯೂಬುಗಳ ಗಂಧಕಕ್ಕೆ ಎಎಸ್‌ಟಿಎಂ ಎ270 ಮಾನಕದ ಎಸ್2 ವಿಭಾಗ 0.005ರಿಂದ 0.017 ಶೇಕಡಾ ಮಿತಿ ಇಟ್ಟಿದೆ.

ಹೀಗಾಗಿ ಪ್ರೋಗ್ರಾಮು ಎಷ್ಟೇ ಹಳೆಯದು, ನಂಬಿಕೆಯದು ಆಗಿರಲಿ, ಪಾಳಿ ಶುರುವಾಗುವಾಗ, ಅನಿಲದ ಸಿಲಿಂಡರ್ ಅಥವಾ ಟಂಗ್‌ಸ್ಟನ್ ಬದಲಿಸಿದಾಗ ಒಂದು ಮಾದರಿ ತುಂಡನ್ನು ಬೆಸೆದು, ಸೀಳಿ, ಒಳಗೋಡೆಯನ್ನು ನೋಡುತ್ತಾರೆ.