ಕಂಪ್ಯೂಟರ್ ದೋಷಪತ್ತೆ (ಮನೆಬಳಕೆಯ)

ಮನೆಯ ಕಂಪ್ಯೂಟರ್ ನಿಧಾನವಾದಾಗ ಇಲ್ಲವೆ ತಪ್ಪಾಗಿ ವರ್ತಿಸಿದಾಗ ಮೂಲಕಾರಣವನ್ನು ಹಂತಹಂತವಾಗಿ ಗುರುತಿಸಿ ಸರಿಪಡಿಸುವ ಕ್ರಮ. ದೋಷಗಳಲ್ಲಿ ಯಂತ್ರಾಂಶದವು, ತಂತ್ರಾಂಶದವು ಎಂದು ಎರಡು ಬಗೆ. 1981ರ ಐಬಿಎಂ ಪಿಸಿ ಚಾಲನೆಯಾದೊಡನೆ ತನ್ನನ್ನು ತಾನೇ ಪರೀಕ್ಷಿಸಿಕೊಂಡು ಬೀಪ್ ಸದ್ದಿನಿಂದ ಸ್ಥಿತಿಯನ್ನು ತಿಳಿಸುತ್ತಿತ್ತು.

ಕಾರಣಗಳು: ರ‍್ಯಾಮ್ ಸಾಲದಿರುವುದು, ಡಿಸ್ಕ್ ತುಂಬಿರುವುದು ಅಥವಾ ಸವೆದಿರುವುದು, ಆರಂಭದಲ್ಲೇ ತೆರೆದುಕೊಳ್ಳುವ ಅನಗತ್ಯ ತಂತ್ರಾಂಶಗಳು, ವೈರಸ್, ಅತಿಶಾಖ. ವಿಂಡೋಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆದು, ಹೊರೆ ಎಲ್ಲಿದೆಯೆಂದು ತೋರಿಸುತ್ತದೆ.

ಮಂಗಳೂರಿನಲ್ಲಿ: ವರ್ಷಕ್ಕೆ 3,000 ಮಿ.ಮೀ.ಗೂ ಮೀರಿದ ಮಳೆ, ತೇವಾಂಶ ಹಾಗೂ ಉಪ್ಪುಗಾಳಿಯಿಂದ ಲೋಹದ ಸಂಪರ್ಕಬಿಂದುಗಳು ಕಿಲುಬುಗಟ್ಟುತ್ತವೆ. ಒದ್ದೆ ದೂಳು ಫ್ಯಾನಿನ ರೆಕ್ಕೆಗಳಿಗೆ ಅಂಟಿ ಗಾಳಿಯಾಟ ಕುಗ್ಗಿದಾಗ ಪ್ರೊಸೆಸರ್ ಬಿಸಿಯೇರಿ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ವಿದ್ಯುತ್ ಸಂಪರ್ಕ ತೆಗೆದು, ರ‍್ಯಾಮ್ ಪಟ್ಟಿಯ ಹೊಂಬಣ್ಣದ ಅಂಚನ್ನು ರಬ್ಬರಿನಿಂದ ಮೆಲ್ಲಗೆ ಒರೆಸಿ ಮರಳಿ ಕೂರಿಸುವುದು ರೂಢಿಯ ಪರಿಹಾರ. ಮುಂಗಾರಿಗೆ ಮುಂಚಿನ ಮತ್ತು ನಂತರದ ಸಿಡಿಲಿನ ಆಘಾತ ಇಂಟರ್ನೆಟ್ ತಂತಿಯ ಮೂಲಕವೂ ಒಳಬರುವುದರಿಂದ ವಿದ್ಯುತ್ ಪ್ಲಗ್ಗಿನ ಜೊತೆ ಅದನ್ನೂ ಕಳಚಬೇಕಾಗುತ್ತದೆ. ಗುಡುಗು ಆರಂಭವಾಗುವ ಮುನ್ನವೇ ಕಳಚುವುದು ಕ್ಷೇಮ.

ಕನ್ನಡ ಬರವಣಿಗೆಯ ತಂತ್ರಾಂಶಗಳಾದ ನುಡಿ, ಬರಹದ ಹಳೆಯ ಫಾಂಟುಗಳ ಕಡತಗಳು ಆ ಫಾಂಟ್ ಇಲ್ಲದ ಕಡೆ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಕಾಣುವುದು ಯಂತ್ರದೋಷವಲ್ಲ. ಯುನಿಕೋಡ್‌ಗೆ ಪರಿವರ್ತಿಸಿದರೆ ಸರಿಹೋಗುತ್ತದೆ.

ಮಹತ್ವ: ಮೊದಲು ಕಡತಗಳ ಪ್ರತಿ ತೆಗೆದಿರಿಸುವುದು, ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡುವುದು ಮೂಲ ನಿಯಮಗಳು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿದಿದೆ. ಆದರೂ ವೇಗದ ಎಸ್‌ಎಸ್‌ಡಿ ಡಿಸ್ಕ್ ಹಾಗೂ ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯ ಅಳವಡಿಕೆ ಅಂಥ ಹಳೆಯ ಯಂತ್ರಗಳ ಆಯುಷ್ಯ ಹೆಚ್ಚಿಸಿ ಇ-ತ್ಯಾಜ್ಯವನ್ನು ತಗ್ಗಿಸುತ್ತದೆ.