ಕರಿ ಸೈಕಲ್ಲಿನ ಹಲ್ಲಿನ ಲೆಕ್ಕ

ಅಂಗಡಿಯಿಂದ ತಂದ ಸೈಕಲನ್ನು ಇದ್ದಂತೆಯೇ ಓಡಿಸಿದವರು ನಮ್ಮ ಹಳ್ಳಿಗಳಲ್ಲಿ ಕಡಿಮೆ. ಹಾಲು ಮಾರುವವ ಅದಕ್ಕೆ ಗಟ್ಟಿ ಕ್ಯಾರಿಯರ್ ಹಾಕಿಸಿದ. ರಾತ್ರಿ ಪಾಳಿಯವ ಟಯರಿಗೆ ಡೈನಮೊ ಒರಗಿಸಿದ. ಮಗುವನ್ನು ಶಾಲೆಗೆ ಬಿಡುವ ತಂದೆ ನಡುವಿನ ಬಾರ್‌ಗೆ ಪುಟ್ಟ ಸೀಟು ಕೂರಿಸಿದ. ಕಣ್ಣಿಗೆ ಕಾಣುವ ಈ ಬದಲಾವಣೆಗಳ ಜೊತೆಗೆ ಅಷ್ಟಾಗಿ ಕಣ್ಣಿಗೆ ಬೀಳದ ಇನ್ನೊಂದು ಬದಲಾವಣೆಯೂ ಇತ್ತು. ಅದು ಹಿಂದಿನ ಗಾಲಿಯ ಫ್ರೀವೀಲಿನ ಹಲ್ಲುಗಳ ಸಂಖ್ಯೆ. ಗೇರ್ ಸೈಕಲ್ ಎಂಬ ಮಾತು ರಾಯಚೂರು, ಮಾನ್ವಿ, ದೇವದುರ್ಗದ ಬೀದಿಗಳಿಗೆ ಬರುವ ಎಷ್ಟೋ ಮೊದಲೇ ಗೇರಿನ ತತ್ವ ಸೈಕಲ್ ಅಂಗಡಿಯ ಗೋಡೆಯ ಮೊಳೆಗೆ ತೂಗುಬಿದ್ದಿತ್ತು.

ದೊಡ್ಡ ಗಾಲಿಯಿಂದ ಹಲ್ಲಿಗೆ

ಈ ತತ್ವ ತಿಳಿಯಲು ಸೈಕಲ್ಲಿನ ಬಾಲ್ಯಕ್ಕೆ ಹೋಗಬೇಕು. 1870ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಓಡುತ್ತಿದ್ದ ಸೈಕಲ್ಲಿಗೆ ಚೈನು ಇರಲಿಲ್ಲ. ಪೆಡಲ್ ಮುಂದಿನ ಗಾಲಿಗೇ ಅಂಟಿಕೊಂಡಿತ್ತು. ಪೆಡಲ್ ಒಂದು ಸುತ್ತು, ಗಾಲಿ ಒಂದು ಸುತ್ತು. ಹೆಚ್ಚು ದೂರ ಸಾಗಬೇಕೆಂದರೆ ಗಾಲಿ ದೊಡ್ಡದಾಗಬೇಕು. ಹಾಗಾಗಿ ಮುಂದಿನ ಗಾಲಿ ಸವಾರನ ಎದೆಯೆತ್ತರ ಬೆಳೆಯಿತು. ಕಾಲು ಉದ್ದವಿದ್ದವನಿಗೇ ವೇಗ ಎಂಬಂತಾಯಿತು.

1885ರಲ್ಲಿ ಕವೆಂಟ್ರಿ ಪಟ್ಟಣದ ಜಾನ್ ಕೆಂಪ್ ಸ್ಟಾರ್ಲಿ ತಯಾರಿಸಿದ 'ರೋವರ್' ಸೈಕಲ್ ಈ ಕಟ್ಟನ್ನು ಬಿಡಿಸಿತು. ಪೆಡಲ್ ನಡುವೆ ಬಂತು, ಚೈನು ಹಿಂದಿನ ಗಾಲಿಯನ್ನು ತಿರುಗಿಸಿತು. ಗಾಲಿ ಬೆಳೆಸುವ ಬದಲು ಹಲ್ಲಿನ ಚಕ್ರ ಬದಲಿಸಿದರೆ ಸಾಕಾಯಿತು. 1888ರಲ್ಲಿ ಜಾನ್ ಬಾಯ್ಡ್ ಡನ್‌ಲಪ್ ಗಾಳಿ ತುಂಬಿದ ಟಯರು ತಂದ ಮೇಲೆ ಸೈಕಲ್ಲಿಗೆ ಇಂದಿನ ರೂಪ ಬಂತು.

ನಮ್ಮ ಕರಿ ಸೈಕಲ್ ಈ ರೋವರ್‌ನ ನೇರ ವಂಶಸ್ಥ. ಗಾಲಿ 28 ಇಂಚು. ಮುಂದೆ 48 ಹಲ್ಲು, ಹಿಂದೆ 18 ಹಲ್ಲು ಎಂದಿಟ್ಟುಕೊಂಡರೆ, ಪೆಡಲ್ ಒಮ್ಮೆ ತಿರುಗಿದಾಗ ಹಿಂದಿನ ಗಾಲಿ ಸುಮಾರು 2.67 ಸುತ್ತು ಹಾಕುತ್ತದೆ. ಸೈಕಲ್ ಸುಮಾರು 6 ಮೀಟರ್ ಮುಂದೆ ಹೋಗುತ್ತದೆ. ಹಳೆಯ ಲೆಕ್ಕದಲ್ಲಿ ಇದು 75 ಇಂಚಿನ ಗಾಲಿಗೆ ಸಮ. ಆರಡಿಗೂ ಮೀರಿದ ಅಂಥ ಗಾಲಿಯ ಮೇಲೆ ಕೂತು ಪೆಡಲ್ ಮುಟ್ಟುವ ಕಾಲು ಯಾರಿಗೂ ಇಲ್ಲ. ಚೈನು ಮಾಡಿದ ಉಪಕಾರ ಇದು.

ಈಗ 18 ಹಲ್ಲಿನ ಫ್ರೀವೀಲ್ ಬಿಚ್ಚಿ 20 ಹಲ್ಲಿನದು ಹಾಕಿದರೆ ಸೈಕಲ್ 5.4 ಮೀಟರ್ ಮಾತ್ರ ಸಾಗುತ್ತದೆ, ಆದರೆ ಕಾಲಿಗೆ ಬೀಳುವ ಭಾರ ಹತ್ತರಲ್ಲೊಂದು ಪಾಲು ಇಳಿಯುತ್ತದೆ. 16 ಹಲ್ಲಿನದಾದರೆ ದೂರ 6.7 ಮೀಟರ್, ಭಾರವೂ ಹೆಚ್ಚು. ಹೇರು ಹೊರುವವನಿಗೆ 20, ಖಾಲಿ ಸೈಕಲ್ಲಿನಲ್ಲಿ ಓಡುವವನಿಗೆ 16. ವಿಜಯಪುರ, ಬಾಗಲಕೋಟೆ ಕಡೆಯ ಸೈಕಲ್ ಶರ್ಯತ್ತುಗಳಲ್ಲೂ ಇದೇ ಲೆಕ್ಕ. ಕ್ಯಾರಿಯರ್, ಸ್ಟ್ಯಾಂಡ್, ಮಡ್‌ಗಾರ್ಡ್ ಕಳಚಿಟ್ಟರೆ ಸುಮಾರು 20 ಕೆ.ಜಿ. ತೂಗುವ ಸೈಕಲ್ಲೂ ಹಗುರಾಗುತ್ತದೆ.

ಎರೆಭೂಮಿ ಕಲಿಸಿದ ಪಾಠ

ರಾಯಚೂರಿಗೆ 1871ರಲ್ಲೇ ರೈಲು ಬಂದಿತ್ತು. ಮುಂಬಯಿ ಮತ್ತು ಮದ್ರಾಸಿನ ರೈಲು ದಾರಿಗಳು ಕೂಡಿದ್ದು ಇಲ್ಲಿಯೇ. ಆದರೆ ವಿಲಾಯತಿ ಸೈಕಲ್ ಬಹಳ ಕಾಲ ಅನುಕೂಲಸ್ಥರ ವಾಹನವಾಗಿಯೇ ಉಳಿಯಿತು. ಸ್ವಾತಂತ್ರ್ಯಾನಂತರ ಸ್ವದೇಶಿ ಕಾರ್ಖಾನೆಗಳು ಹುಟ್ಟಿದವು. ಮದ್ರಾಸಿನಲ್ಲಿ 1949ರಲ್ಲಿ ಟಿ.ಐ. ಸೈಕಲ್ಸ್, ಸೋನಿಪತ್‌ನಲ್ಲಿ 1951ರಲ್ಲಿ ಅಟ್ಲಾಸ್, ಲೂಧಿಯಾನದಲ್ಲಿ 1956ರಲ್ಲಿ ಹೀರೊ ಆರಂಭವಾದವು. ಅದೇ 1956ರಲ್ಲಿ ರಾಯಚೂರು ಜಿಲ್ಲೆ ಹೈದರಾಬಾದ್ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಸೇರಿತು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿದು ಬೇಸಾಯ ಬದಲಾದಂತೆ ಹೊಲ, ಸಂತೆ, ಕೂಲಿ, ಶಾಲೆಗಳ ನಡುವಿನ ಓಡಾಟವೂ ಹೆಚ್ಚಿತು. ಆ ಓಡಾಟಕ್ಕೆ ಒದಗಿದ್ದು ಸೈಕಲ್.

ಮಾನ್ವಿ ತಾಲ್ಲೂಕಿನ ಕುರ್ಡಿಯಂಥ ಊರುಗಳ ಸುತ್ತ ಇರುವುದು ಎರೆಭೂಮಿ. ಬೇಸಿಗೆಯಲ್ಲಿ ಬಿರುಕು ಬಿಟ್ಟು ದೂಳೆಬ್ಬಿಸುವ ಈ ಮಣ್ಣು ಮಳೆ ಬಿದ್ದರೆ ಅಂಟಾಗುತ್ತದೆ. ಟಯರು ಮತ್ತು ಮಡ್‌ಗಾರ್ಡ್ ನಡುವೆ ಮೆತ್ತಿಕೊಂಡು ಗಾಲಿಯನ್ನೇ ಹಿಡಿದು ನಿಲ್ಲಿಸುತ್ತದೆ. ಪಟ್ಟಣದಲ್ಲಿ ಬಟ್ಟೆ ಕಾಯುವ ಮಡ್‌ಗಾರ್ಡ್ ಹೊಲದ ದಾರಿಯಲ್ಲಿ ಶತ್ರು. ಚೈನ್ ಕವರ್‌ನ ಮಾತು ಬೇರೆ. ಅದು ಧೋತರದ ಚುಂಗನ್ನೂ ಸೀರೆಯ ಸೆರಗನ್ನೂ ಕಾಯುತ್ತದೆ, ದೂಳು ಹೊಕ್ಕು ಚೈನು ಸವೆಯುವುದನ್ನೂ ತಡೆಯುತ್ತದೆ.

ಗೇರ್ ಏಕೆ ತಡವಾಯಿತು?

ಗೇರ್ ಹೊಸ ಸಂಗತಿಯೇನಲ್ಲ. ಗಾಲಿಯ ಗುಂಬದೊಳಗೇ ಮೂರು ವೇಗ ಅಡಗಿಸಿಟ್ಟ ಸ್ಟರ್ಮಿ-ಆರ್ಚರ್ ಗೇರ್ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ 1902-03ರ ಸುಮಾರಿಗೇ ಸಿದ್ಧವಾಗಿತ್ತು. ಚೈನನ್ನೇ ಒಂದು ಹಲ್ಲಿನ ಚಕ್ರದಿಂದ ಇನ್ನೊಂದಕ್ಕೆ ಸರಿಸುವ ಗೇರನ್ನು ಫ್ರಾನ್ಸಿನ ಪ್ರಸಿದ್ಧ 'ಟೂರ್ ಡಿ ಫ್ರಾನ್ಸ್' ಸ್ಪರ್ಧೆ 1937ರಲ್ಲಿ ಒಪ್ಪಿಕೊಂಡಿತು. ಅದಕ್ಕೂ ಮುಂಚೆ ಅಲ್ಲಿನ ಸವಾರರು ಬೆಟ್ಟದ ಬುಡದಲ್ಲಿ ಇಳಿದು, ಗಾಲಿ ಬಿಚ್ಚಿ, ಇನ್ನೊಂದು ಬದಿಯ ಹಲ್ಲಿಗೆ ಚೈನು ಹಾಕಿಕೊಳ್ಳುತ್ತಿದ್ದರು.

ಆಲ್ಪ್ಸ್ ಪರ್ವತ ಹತ್ತಲು ಬೇಕಾದದ್ದು ಕೃಷ್ಣಾ-ತುಂಗಭದ್ರಾ ನಡುವಿನ ಬಯಲಿಗೆ ಅಷ್ಟು ತುರ್ತಾಗಿ ಬೇಕಿರಲಿಲ್ಲ. ಕಾರಣ ಅದೊಂದೇ ಅಲ್ಲ. ಚೈನು ಅತ್ತಿತ್ತ ಸರಿಯುವ ಗೇರಿಗೆ ಪೂರ್ತಿ ಮುಚ್ಚಿದ ಚೈನ್ ಕವರ್ ಕೂರುವುದಿಲ್ಲ. ಎರೆಮಣ್ಣಿನ ದೂಳು ನೇರವಾಗಿ ಹಲ್ಲಿಗೆ ಬೀಳುತ್ತದೆ. ಅದನ್ನು ಸರಿಸುವ ತೋಳು ಬಾಗಿದರೆ ಸುತ್ತಿಗೆ, ಸ್ಪ್ಯಾನರ್‌ನಿಂದ ಸರಿಹೋಗದು. ಕರಿ ಸೈಕಲ್ಲಿನ ಪ್ರತಿಯೊಂದು ಬಿಡಿಭಾಗವಾದರೋ ಸಂತೆಯ ಊರಿನಲ್ಲೇ ಸಿಗುತ್ತಿತ್ತು.

'21 ಗೇರ್' ಎಂಬ ಜಾಹೀರಾತಿನ ಮೋಹವನ್ನೂ ಸ್ವಲ್ಪ ಬಿಡಿಸಿ ನೋಡಬೇಕು. ಮುಂದೆ 3, ಹಿಂದೆ 7 ಚಕ್ರಗಳಿದ್ದರೆ ಗುಣಿಸಿ 21 ಎನ್ನುತ್ತಾರೆ. ಅವುಗಳಲ್ಲಿ ಹಲವು ಒಂದಕ್ಕೊಂದು ಬಹುತೇಕ ಸಮ. ಬಯಲಿನಲ್ಲಿ ಕೆಲಸಕ್ಕೆ ಹೋಗಿಬರುವವರಿಗೆ ನಾಲ್ಕೈದು ಸಾಕು. ಇರುವ ಸೈಕಲನ್ನೇ ಸುಧಾರಿಸುವುದಾದರೆ ಕ್ರಮ ಬೇರೆ: ಮೊದಲು ಟಯರಿಗೆ ಸರಿಯಾದ ಗಾಳಿ, ಆಮೇಲೆ ಗುಂಡುಗಳಿಗೆ ಹೊಸ ಗ್ರೀಸ್, ಕಾಲಿಗೆ ತಕ್ಕ ಸೀಟಿನ ಎತ್ತರ. ಫ್ರೀವೀಲ್ ಬದಲಿಸುವಾಗ ಸವೆದ ಚೈನನ್ನೂ ಬದಲಿಸಬೇಕು, ಇಲ್ಲವಾದರೆ ಅದು ಹೊಸ ಹಲ್ಲಿನ ಮೇಲೆ ಜಿಗಿಯುತ್ತದೆ. ಮಳೆಯಲ್ಲಿ ಉಕ್ಕಿನ ರಿಮ್ ಜಾರಿ ಬ್ರೇಕ್ ಹಿಡಿಯುವುದಿಲ್ಲ. ಅಲ್ಯುಮಿನಿಯಂ ರಿಮ್‌ಗೆ ಹಣ ಹಾಕುವುದು ಗೇರಿಗೆ ಹಾಕುವುದಕ್ಕಿಂತ ಮೇಲು.

ಅಂಗಡಿ ಉಳಿದರೆ ಸೈಕಲ್

1980ರಲ್ಲಿ ಟಿವಿಎಸ್ 50 ಮೊಪೆಡ್ ಬಂದ ನಂತರ, ಮುಂದೆ ಬೈಕುಗಳು ಹೆಚ್ಚಿದಂತೆ, ಹೇರು ಹೊರುವ ಕೆಲಸ ಸೈಕಲ್ಲಿನ ಕೈತಪ್ಪಿತು. ಗಂಟೆಗಿಷ್ಟು ಎಂದು ಬಾಡಿಗೆ ಕೊಡುವ, ಮಕ್ಕಳು ಒಳಪೆಡಲ್ ಹೊಡೆದು ಕಲಿಯುತ್ತಿದ್ದ ಸೈಕಲ್ ಶಾಪುಗಳು ವಿರಳವಾದವು. 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನದಂದೇ, ಅಟ್ಲಾಸ್ ಕಂಪನಿಯ ಸಾಹಿಬಾಬಾದ್ ಕಾರ್ಖಾನೆಯ ಕೆಲಸ ನಿಂತಿತು.

ಹಾಗೆಂದು ಸೈಕಲ್ಲಿನ ಅಗತ್ಯ ಮುಗಿದಿಲ್ಲ. ರಾಜ್ಯ ಸರ್ಕಾರ 2006-07ರಲ್ಲಿ 8ನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ಆರಂಭಿಸಿದಾಗ, ಪಕ್ಕದೂರಿನ ಹೈಸ್ಕೂಲು ಎಷ್ಟೋ ಹೆಣ್ಣುಮಕ್ಕಳ ಕಾಲಳತೆಗೆ ಬಂತು. ಆದರೆ ಸೈಕಲ್ ಕೈಗೆ ಬಂದ ಮಾತ್ರಕ್ಕೆ ದಾರಿ ಸವೆಯುವುದಿಲ್ಲ. ಚೈನು ಸಡಿಲಾದ ದಿನ, ಟ್ಯೂಬು ಒಡೆದ ದಿನ ಅದನ್ನು ಸರಿಪಡಿಸುವವರು ಊರಿನಲ್ಲಿ ಇಲ್ಲದಿದ್ದರೆ ಆ ಸೈಕಲ್ ಗೋಡೆಗೆ ಒರಗುತ್ತದೆ, ಹುಡುಗಿ ಮನೆಯಲ್ಲಿ ಉಳಿಯುತ್ತಾಳೆ. ಕಾರ್ಖಾನೆ ಇಡೀ ದೇಶಕ್ಕೆ ಒಂದೇ ಅಳತೆಯ ಸೈಕಲ್ ಮಾಡಿತು. ಅದನ್ನು ಸವಾರನ ಕಾಲಿಗೆ, ಹೊರುವ ಹೇರಿಗೆ, ತುಳಿಯುವ ಮಣ್ಣಿಗೆ ಹೊಂದಿಸಿದ್ದು ಊರ ಮುಂದಿನ ರಿಪೇರಿ ಅಂಗಡಿ. ಹೊಸ ಸೈಕಲ್ ಹಂಚುವವರು, ಗೇರ್ ಸೈಕಲ್ ಮಾರುವವರು ಮೊದಲು ಆ ಅಂಗಡಿಯನ್ನು ಉಳಿಸುವ ಯೋಚನೆ ಮಾಡಬೇಕಿದೆ.