ಅರಸೀಕೆರೆಯ ಎಂಜಿನು ಷೆಡ್ಡಿನ ಕುಶಲಿಗರು

ಹಾಸನ ಸೀಮೆಯ ಚರಿತ್ರೆಯೆಂದೊಡನೆ ನಮ್ಮ ಮನಸ್ಸು ಬೇಲೂರು ಹಳೇಬೀಡುಗಳ ಕಡೆಗೆ ಹರಿಯುವುದು ಸಹಜವೇ ಆಗಿದೆ. ಅರಸೀಕೆರೆಯಲ್ಲಿಯೂ ಸುಮಾರು 1220ರಲ್ಲಿ ಕಟ್ಟಿದ ಈಶ್ವರಾಲಯವು ತನ್ನ ನಕ್ಷತ್ರಾಕಾರದ ಮಂಟಪದೊಡನೆ ಇಂದಿಗೂ ನಿಂತಿದೆ. ಆದರೆ ಇದೇ ಊರಿನಲ್ಲಿ ಉಗಿಬಂಡಿಗಳ ಕಾಲದಲ್ಲಿ ಬೆಳೆದ ಇನ್ನೊಂದು ಕುಶಲವಿದ್ಯೆಯನ್ನು, ಎಂದರೆ ಎಂಜಿನುಗಳನ್ನು ದುರಸ್ತುಮಾಡಿ ಕಾಪಾಡಿದ ಫಿಟ್ಟರುಗಳ ವಿದ್ಯೆಯನ್ನು, ನಾವು ಚರಿತ್ರೆಯೆಂದು ಎಣಿಸುವ ರೂಢಿಯಿಲ್ಲ.

ಮೈಸೂರು ಸಂಸ್ಥಾನದಲ್ಲಿ ಬೆಂಗಳೂರು-ಮೈಸೂರು ರೈಲುಮಾರ್ಗವು 1882ರಲ್ಲಿ ಪೂರ್ತಿಯಾಯಿತು. ಬೆಂಗಳೂರಿನಿಂದ ತುಮಕೂರು, ಅರಸೀಕೆರೆ, ಬೀರೂರುಗಳ ಮೇಲೆ ಹೋಗುವ ಮಾರ್ಗವು 1889ರಲ್ಲಿ ಹರಿಹರವನ್ನು ಮುಟ್ಟಿತು. 1910ರ ದಶಕದ ಕೊನೆಗೆ ಮೈಸೂರಿನಿಂದ ಹಾಸನದ ಮೂಲಕ ಬಂದ ಮಾರ್ಗವು ಇಲ್ಲಿ ಕೂಡಲು, ಅರಸೀಕೆರೆಯು ಜಂಕ್ಷನ್ ಆಯಿತು. ಬೇಲೂರಿಗೂ ಹಳೇಬೀಡಿಗೂ ರೈಲಿಲ್ಲದ ಆ ದಿನಗಳಲ್ಲಿ ದೂರದ ಯಾತ್ರಿಕರು ಅರಸೀಕೆರೆ, ಬಾಣಾವರ, ಹಾಸನಗಳಲ್ಲಿ ಇಳಿದು ರಸ್ತೆ ಹಿಡಿಯುತ್ತಿದ್ದರು. ಅವರನ್ನು ಕ್ಷೇಮವಾಗಿ ತಂದಿಳಿಸಿದ ಶ್ರಮದಲ್ಲಿ ಷೆಡ್ಡಿನ ಕೆಲಸಗಾರರ ಪಾಲು ಅಲ್ಪವಲ್ಲ.

ಉಗಿಯ ಎಂಜಿನು ಪ್ರಯಾಣ ಮುಗಿಸಿ ಷೆಡ್ಡಿಗೆ ಬಂದೊಡನೆ ಬೆಂಕಿಯನ್ನು ಕೆಡವಿ, ಬೂದಿಯನ್ನು ತೆಗೆದು, ಕೊಳವೆಗಳ ಮಸಿಯನ್ನು ಉಜ್ಜಬೇಕು. ಗೊತ್ತಾದ ಅವಧಿಗೊಮ್ಮೆ ಬಾಯ್ಲರನ್ನು ಆರಿಸಿ, ಬಿರಡೆಗಳನ್ನು ಬಿಚ್ಚಿ, ಒಳಗನ್ನು ತೊಳೆಯಬೇಕು. ನೀರಿನ ಸುಣ್ಣವು ಲೋಹದ ಮೇಲೆ ಪದರುಪದರಾಗಿ ಕೂಡಿದರೆ ಶಾಖವು ನೀರಿಗೆ ಸೇರದೆ ಲೋಹವೇ ಸುಡುವುದು. ಬೆಂಕಿಗೂಡಿನ ಮೇಲ್ಛಾವಣಿಯಲ್ಲಿ ಸೀಸ ತುಂಬಿದ ಬಿರಡೆಯೊಂದಿರುತ್ತದೆ. ನೀರು ತಗ್ಗಿದರೆ ಸೀಸವು ಕರಗಿ, ಉಗಿಯು ಬೆಂಕಿಯ ಮೇಲೆ ನುಗ್ಗಿ ಅಪಾಯವನ್ನು ಸಾರುವುದು. ದೇಶದ ಮೀಟರ್‌ಗೇಜ್ ಮಾರ್ಗಗಳಲ್ಲಿ ಹಬ್ಬಿದ್ದ ವೈ.ಪಿ. ಜಾತಿಯ ಎಂಜಿನಿನಲ್ಲಿ ಉಗಿಯ ಒತ್ತಡವು ಚದರ ಅಂಗುಲಕ್ಕೆ 210 ಪೌಂಡು. ಅಂಥ ಪಾತ್ರೆಯನ್ನು ತಪಾಸಣೆಮಾಡುವವನ ಒಂದು ಅಲಕ್ಷ್ಯವು ಹಲವರ ಪ್ರಾಣಕ್ಕೆ ಎರವಾಗಬಹುದಾಗಿತ್ತು.

ಈ ವಿದ್ಯೆಯಲ್ಲಿ ಕಣ್ಣಿಗಿಂತ ಕಿವಿಯೇ ಕೆಲವೊಮ್ಮೆ ಹೆಚ್ಚು ನೆರವಾಗುತ್ತಿತ್ತು. ನಿಂತ ಗಾಡಿಯ ಚಕ್ರಗಳನ್ನು ಉದ್ದಹಿಡಿಯ ಸುತ್ತಿಗೆಯಿಂದ ತಟ್ಟಿದಾಗ ಗಟ್ಟಿಯಾದ ಚಕ್ರವು ಗಂಟೆಯಂತೆ ನುಡಿಯುವುದು. ಬಿರುಕುಬಿಟ್ಟುದು ಒಡೆದ ಮಡಕೆಯಂತೆ ಮಂಕಾಗಿ ಸದ್ದುಮಾಡುವುದು. ಸವೆದ ಚಕ್ರಗಳನ್ನು ದೊಡ್ಡ ಕಾರ್ಖಾನೆಗಳ ಲೇತಿನಲ್ಲಿ ಮತ್ತೆ ಕಡೆದು ಸರಿಪಡಿಸುತ್ತಿದ್ದರು. ಬೇಲೂರಿನ ಬಳಪದ ಕಲ್ಲಿನ ಕಂಬಗಳನ್ನೂ ನಮ್ಮ ಶಿಲ್ಪಿಗಳು ತಿರುಗಣೆಗೆ ಹಚ್ಚಿ ಕಡೆದರೆಂಬುದನ್ನು ನೆನೆದರೆ, ಇವೆರಡು ಕೆಲಸಗಳು ಒಂದಕ್ಕೊಂದು ಅಷ್ಟೇನೂ ದೂರವಲ್ಲವೆಂದು ತೋರುವುದು.

ದೂರವಿರುವುದು ಕೀರ್ತಿಯಲ್ಲಿ. ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ಬೇಲೂರಿನ ವಿಗ್ರಹಗಳ ಅಡಿಯಲ್ಲಿ ತಮ್ಮ ಹೆಸರನ್ನು ಕೆತ್ತಿಹೋದುದರಿಂದ ಸುಮಾರು ಒಂಬೈನೂರು ವರ್ಷಗಳು ಕಳೆದರೂ ನಾವು ಅವರನ್ನು ಬಲ್ಲೆವು. ಫಿಟ್ಟರನು ಹೆಸರು ಕೆತ್ತುವ ಸ್ಥಳವೆಲ್ಲಿ? ಅವನ ಕೆಲಸವು ಚೆನ್ನಾಗಿ ನಡೆದುದಕ್ಕೆ ಸಾಕ್ಷಿ, ಏನೂ ನಡೆಯದಿದ್ದುದೇ. ಗಾಡಿಯು ವೇಳೆಗೆ ಬಂದಿತು, ಹೋಯಿತು.

1951ರಲ್ಲಿ ಮೈಸೂರು ರೈಲ್ವೆಯು ದಕ್ಷಿಣ ರೈಲ್ವೆಯಲ್ಲಿ ಸೇರಿತು. 1990ರ ದಶಕದಲ್ಲಿ ಈ ಮಾರ್ಗಗಳು ಬ್ರಾಡ್‌ಗೇಜ್ ಆದುವು. ಉಗಿಯ ಕಾಲವೂ ಮುಗಿಯಿತು. 2003ರಿಂದ ಈ ಪ್ರದೇಶವು ಹುಬ್ಬಳ್ಳಿಯಲ್ಲಿ ಕೇಂದ್ರವಿರುವ ನೈಋತ್ಯ ರೈಲ್ವೆಗೆ ಸೇರಿದೆ. ಆ ಕೆಲಸವನ್ನು ಕೈಯಾರೆ ಮಾಡಿದವರು ಈಗ ವೃದ್ಧರು. ಕಲ್ಲಿನ ಶಾಸನವು ನಮಗಾಗಿ ಕಾಯುತ್ತದೆ. ಮನುಷ್ಯನ ನೆನಪು ಕಾಯದು. ಆದುದರಿಂದ ನಮ್ಮ ಸೀಮೆಯ ವಿದ್ಯಾವಂತ ಮನೆತನಗಳವರು ಇಂಥ ಹಿರಿಯರ ಬಳಿಗೆ ಹೋಗಿ, ಅವರ ಹತಾರಗಳ ಹೆಸರುಗಳನ್ನೂ ಕೆಲಸದ ಕ್ರಮವನ್ನೂ ಬರೆದಿಡುವುದು ಯುಕ್ತವಾಗಿದೆ.